ನೋಡಿದ್ದಕ್ಕೆ ಎಷ್ಟು ಕೊಡಬೇಕು?

"ಬರೀ ನೋಡೋದಕ್ಕೇ ನೂರೈವತ್ತು ಡಾಲರಂತೆ ಅಪ್ಪ! ರಿಪೇರಿ ಖರ್ಚು ಬೇರೆ!" ಎಂದು ಮಗ ಫೋನನ್ನು ಸೋಫಾದ ಮೇಲೆ ಎಸೆದ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರ, ಜೂನ್ ತಿಂಗಳು. ಬೆಳಗ್ಗೆ ಎಂಟಕ್ಕೆಲ್ಲ ಹೊರಬಾಗಿಲ ಹಿಡಿ ಮುಟ್ಟಿದರೆ ಚುರ್ ಎನ್ನುವಂಥ ಬಿಸಿಲು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಅವನ ಪ್ರೀತಿಯ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ನಿಸ್ಸಾನ್ 350ಝೀ, 2005ರ ಮಾದರಿ, ಸೆಕೆಂಡ್ ಹ್ಯಾಂಡ್. ಮೂರೂವರೆ ಲೀಟರಿನ ವಿ6 ಇಂಜಿನ್, ಕೂರಲು ಎರಡೇ ಸೀಟು. "ನಾಲ್ಕು ಜನ ಕೂರೋ ಕಾರಿಗಿಂತ ಇಬ್ರು ಕೂರೋ ಕಾರಿಗೆ ಜಾಸ್ತಿ ದುಡ್ಡು ಕೊಡೋರನ್ನ ಇಲ್ಲೇ ನೋಡಿದ್ದು" ಎಂದು ನನ್ನ ಹೆಂಡತಿ, ನಾವು ಬೆಂಗಳೂರಿನಿಂದ ಬಂದ ದಿನವೇ ಹೇಳಿದ್ದಳು. 1969ರಲ್ಲಿ 240ಝೀಯಿಂದ ಶುರುವಾದ ವಂಶ ಇದು, ಇದಕ್ಕೊಂದು ಚರಿತ್ರೆಯಿದೆ ಎಂದು ಮಗ ಅವಳಿಗೆ ವಿವರಿಸಲು ಹೋಗಿ ಸೋತಿದ್ದ.

ಕಾರಿನ ಕಥೆ ಇಷ್ಟು. ಒಂದು ಬೆಳಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಎಂದಿತೇ ಹೊರತು ಸೆಲ್ಫ್ ಹೊಡೆಯಲಿಲ್ಲ. ಬ್ಯಾಟರಿ ಸತ್ತಿತ್ತು. ಚಳಿ ದೇಶದಲ್ಲಿ ಬ್ಯಾಟರಿ ಸಾಯುತ್ತದೆ ಎಂದು ನಾವು ಕೇಳಿದ್ದೇವೆ. ನಿಜಕ್ಕೂ ಅದರ ಆಯುಸ್ಸು ತಿನ್ನುವುದು ಬಿಸಿಲು. ಒಳಗಿನ ನೀರು ಆರುತ್ತದೆ, ತಗಡು ಬೇಗ ಸವೆಯುತ್ತದೆ, ಚಳಿಗಾಲ ಬಂದಾಗ ಅದು ಬಯಲಾಗುತ್ತದೆ ಅಷ್ಟೆ. ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಮಾಮೂಲಾದ ಫೀನಿಕ್ಸಿನಲ್ಲಿ ಒಂದು ಬ್ಯಾಟರಿ ಎರಡು ಮೂರು ವರ್ಷ ಬಂದರೆ ಹೆಚ್ಚು. ಮಗ ಪಕ್ಕದ ಮನೆಯವರ ಕಾರಿನಿಂದ ವೈರು ಕೊಟ್ಟು ಸ್ಟಾರ್ಟ್ ಮಾಡಿದ, ಹೋಗಿ ಹೊಸ ಬ್ಯಾಟರಿ ತಂದ, ತಾನೇ ಕೂರಿಸಿದ. ಅಲ್ಲಿಂದ ಹೊಸ ರೋಗ. ಇಂಜಿನ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಸಿಗ್ನಲ್ಲಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಆರ್‌ಪಿಎಂ ಮುಳ್ಳು ಕುಸಿದು ಆಫ್. ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಪುಕ್ಕಟೆಯಾಗಿ ಸ್ಕ್ಯಾನರ್ ಹಚ್ಚಿ ಪಿ0506 ಎಂಬ ಕೋಡ್ ಓದಿ ಹೇಳಿದರಂತೆ. ಐಡ್ಲಿಂಗ್ ಇರಬೇಕಾದ್ದಕ್ಕಿಂತ ಕಡಿಮೆಯಿದೆ ಎಂದು ಅದರ ಅರ್ಥ. ಅದು ಮಗನಿಗೆ ಮೊದಲೇ ಗೊತ್ತಿತ್ತು! "ಥ್ರಾಟಲ್ ಬಾಡಿ ಹೋಗಿರಬೇಕು, ಹೊಸದು ಹಾಕಿ" ಎಂದೂ ಸಲಹೆ ಕೊಟ್ಟರಂತೆ. ನೂರಾರು ಡಾಲರಿನ ಬಾಬತ್ತು.

ಬ್ಯಾಟರಿ ಹೋದ ಮೇಲೆ ಗಾಡಿ ಆಫ್ ಆಗುತ್ತಿದೆ, ದುಬಾರಿ ಪಾರ್ಟ್ ಬದಲಿಸಿ ಅಂತಾರೆ. ಈ ಮಾತು ನನಗೆ ಹೊಸದಲ್ಲ. ಹದಿಮೂರನೇ ವಯಸ್ಸಿನಲ್ಲಿ, 1974ರಲ್ಲಿ, ಬೆಂಗಳೂರಿನ ಜೆ.ಸಿ. ರೋಡಿನ ಹಿಂದಿನ ಗಲ್ಲಿಯೊಂದರ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಿಂತು ಇದೇ ಮಾತು ಕೇಳಿದ್ದೆ.

ಟೌನ್ ಹಾಲಿನಿಂದ ಮಿನರ್ವ ಸರ್ಕಲ್ಲಿನವರೆಗೆ ಚಾಚಿದ ಜೆ.ಸಿ. ರೋಡೆಂದರೆ ಬೆಂಗಳೂರಿನ ಗಾಡಿಗಳ ಆಸ್ಪತ್ರೆಯೂ ಹೌದು, ಮಸಣವೂ ಹೌದು. ಆಗ ಒಂದು ಕಡೆ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ, ಇನ್ನೊಂದು ಕಡೆ ಶಿವಾಜಿ ಟಾಕೀಸಿನ ಕ್ಯೂ, ನಡುವೆ ಪಿಸ್ಟನ್, ಗ್ಯಾಸ್ಕೆಟ್, ಸೀಟ್ ಕವರ್, ಟಯರ್. ಕಲಾಸಿಪಾಳ್ಯದ ಲಾರಿ ಬಸ್ಸುಗಳೆಲ್ಲ ಪಕ್ಕದಲ್ಲೇ. ಮಾಗಡಿ ಕಡೆಯ ಹಳ್ಳಿಯಿಂದ ನನ್ನ ಸೋದರಮಾವ ನನ್ನನ್ನು ತಂದು ಅಲ್ಲಿ ಬಿಟ್ಟರು. ಅಪ್ಪ ತೀರಿಕೊಂಡಿದ್ದರು. "ಊಟ ತಿಂಡಿ ನೋಡ್ಕೊಳ್ಳಿ ಮೇಸ್ತ್ರಿ, ಕೆಲಸ ಕಲೀಲಿ" ಎಂದಷ್ಟೇ ಹೇಳಿ, ಬಸ್ಸಿಗೆ ಹೊತ್ತಾಗುತ್ತದೆಂದು ಹೊರಟೇಬಿಟ್ಟರು. ಸಂಬಳದ ಮಾತೇ ಇಲ್ಲ. ಶನಿವಾರ ಸಂಜೆ ಕೈಗೆ ಎರಡು ರೂಪಾಯಿ, ಮಲಗಲು ಅಂಗಡಿಯ ಅಟ್ಟ.

ಮೇಸ್ತ್ರಿ ಕೋಲಾರದ ಕಡೆಯವರು. ತೆಳ್ಳಗೆ, ಕಪ್ಪಗೆ, ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಓದು ಮೂರನೇ ಕ್ಲಾಸು. ಕನ್ನಡ, ತೆಲುಗು, ತಮಿಳು, ದಖನಿ ಎಲ್ಲವನ್ನೂ ಗಿರಾಕಿಗೆ ತಕ್ಕಂತೆ ಆಡುತ್ತಿದ್ದರು. ಅವರ ಹತ್ತಿರ ಮಲ್ಟಿಮೀಟರ್ ಇರಲಿಲ್ಲ. ಎರಡು ವೈರಿಗೆ ಸಿಕ್ಕಿಸಿದ ಒಂದು ಬಲ್ಬು, ಅದೇ ಟೆಸ್ಟ್ ಲ್ಯಾಂಪು, ಹೈಡ್ರೋಮೀಟರು, ಮರದ ಹಿಡಿಯ ಎರಡು ಮೊನೆಯ ಸೆಲ್ ಟೆಸ್ಟರು. ಆಗಿನ ಬ್ಯಾಟರಿಗಳ ಮೇಲ್ಭಾಗ ಕರಿ ಡಾಂಬರು, ಒಂದೊಂದು ಸೆಲ್ಲಿಗೂ ಕೂಡಿಸುವ ಸೀಸದ ಪಟ್ಟಿ ಹೊರಗೇ ಕಾಣುತ್ತಿತ್ತು. ಟೆಸ್ಟರಿನ ಎರಡು ಮೊನೆಗಳನ್ನು ಒಂದು ಸೆಲ್ಲಿನ ಮೇಲೆ ಒತ್ತಿದರೆ ಮುಳ್ಳು ಎರಡು ವೋಲ್ಟಿನ ಹತ್ತಿರ ನಿಲ್ಲಬೇಕು. ಕುಸಿದರೆ ಆ ಸೆಲ್ ಹೋಯಿತು. ಹೈಡ್ರೋಮೀಟರಿನ ರಬ್ಬರ್ ಚೆಂಡು ಹಿಂಡಿ ಆಸಿಡ್ ಎಳೆದು, ಒಳಗಿನ ತೇಲುಗಡ್ಡೆ 1.260 ದಾಟಿದರೆ ಫುಲ್ ಚಾರ್ಜು. ಇದನ್ನೆಲ್ಲ ನಾವು ಅಂಕಿ ಓದಿ ಕಲಿತಿದ್ದಲ್ಲ. ತೇಲುಗಡ್ಡೆಯ ಮೇಲಿನ ಹಸಿರು, ಹಳದಿ, ಕೆಂಪು ಪಟ್ಟಿ ನೋಡಿ ಕಲಿತಿದ್ದು.

ನನ್ನ ಜೊತೆ ಇನ್ನೊಬ್ಬ ಹುಡುಗನಿದ್ದ, ನನಗಿಂತ ಒಂದೆರಡು ವರ್ಷ ದೊಡ್ಡವನು. ಆಸಿಡ್ ಕೆಲಸ ಅವನದು. ದೊಡ್ಡ ಗಾಜಿನ ಜಾಡಿಯಿಂದ ರಬ್ಬರ್ ಟ್ಯೂಬಿನಲ್ಲಿ ಬಾಯಿಂದ ಎಳೆದು ಸಣ್ಣ ಪಾತ್ರೆಗೆ ಬಿಡಬೇಕು. ಆಸಿಡ್ ತುಟಿಗೆ ಬರುವ ಮುಂಚೆ ಟ್ಯೂಬನ್ನು ಬೆರಳಿನಿಂದ ಒತ್ತಿ ಹಿಡಿಯುವುದರಲ್ಲಿ ಅವನು ನಿಪುಣ. "ನೀರಿಗೆ ಆಸಿಡ್ ಹಾಕು, ಆಸಿಡ್‌ಗೆ ನೀರು ಹಾಕ್ಬೇಡ" ಎಂದು ನನಗೆ ಮೊದಲ ಪಾಠ ಹೇಳಿದವನು ಅವನೇ. ಯಾಕೆಂದು ಕೇಳಿದ್ದಕ್ಕೆ ಮೊಣಕೈ ಮೇಲಿನ ಕಲೆ ತೋರಿಸಿದ. ನಮ್ಮಿಬ್ಬರ ಚಡ್ಡಿಗಳೂ ತೂತು. ಹೊಲಿಸಿಕೊಂಡರೂ ಒಗೆದ ಮೇಲೆ ಬೇರೆ ಜಾಗದಲ್ಲಿ ಬಾಯಿ ಬಿಡುತ್ತಿದ್ದವು. ಇಪ್ಪತ್ತು ದಾಟುವುದರೊಳಗೆ ಅವನ ಮುಂದಿನ ಹಲ್ಲುಗಳು ಸವೆದು ಗಿಡ್ಡವಾದವು. ಬ್ಯಾಟರಿ ಕೆಲಸದವರಿಗೆ ಆಸಿಡ್ ಆವಿಯಿಂದ ಹಲ್ಲು ಹೀಗೆ ಸವೆಯುತ್ತದೆಂಬುದು ವೈದ್ಯಪುಸ್ತಕದಲ್ಲೇ ಇರುವ ವಿಷಯ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾವು ಅವನನ್ನು ಅಜ್ಜ ಎಂದು ಕರೆದು ನಗುತ್ತಿದ್ದೆವು.

ಮೇಸ್ತ್ರಿ ಹೊಡೆಯುತ್ತಿದ್ದರು. ಕೇಳಿದ ಸ್ಪ್ಯಾನರ್ ಬದಲು ಬೇರೆಯದು ಕೊಟ್ಟರೆ ಅದೇ ಸ್ಪ್ಯಾನರಿನಿಂದ ಬೆರಳ ಗೆಣ್ಣಿನ ಮೇಲೆ. ಆದರೆ ಅವರು ಕಲಿಸಿದ್ದೂ ನಿಜ. "ಮೊದ್ಲು ಬ್ಯಾಟ್ರಿ, ಆಮೇಲೆ ಕೀಲು, ಆಮೇಲೆ ವೈರು, ಕೊನೇಗೆ ಮಾಲು." ಎರಡು ಲೋಹ ಕೂಡುವ ಜಾಗಕ್ಕೆಲ್ಲ ಅವರದು ಕೀಲು ಎಂಬ ಒಂದೇ ಹೆಸರು. ಗಾಡಿ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಸಿ, ಒಂದೊಂದೇ ಕೀಲನ್ನು ಬೆರಳಲ್ಲಿ ಮುಟ್ಟುತ್ತಾ ಹೋಗುತ್ತಿದ್ದರು. "ಬಿಸಿ ಇದ್ರೆ ಕಳ್ಳ ಅಲ್ಲೇ ಕೂತವ್ನೆ." ಮುಂದೆ ನಾನು ಸಂಜೆ ಓದಿ, ಐಟಿಐ ಸೇರಿ, ಓಮ್‌ನ ನಿಯಮವನ್ನು ಬೋರ್ಡಿನ ಮೇಲೆ ನೋಡಿದಾಗ ನನಗದು ಹೊಸ ಪಾಠ ಅನ್ನಿಸಲೇ ಇಲ್ಲ. ಕೀಲು ಸಡಿಲವಾದರೆ ಅಡ್ಡಿ, ಅಡ್ಡಿಯಿದ್ದಲ್ಲಿ ವೋಲ್ಟೇಜ್ ಸೋರಿಕೆ, ಸೋರಿದ್ದು ಶಾಖ. ಮೇಸ್ತ್ರಿಯ ಬೆರಳಿಗೆ ಗೊತ್ತಿದ್ದದ್ದು ಅದೇ.

ಅಂಥ ಅಂಗಡಿಗೆ ಒಂದು ದಿನ ಎಂಜಿಬಿ ಕಾರು ಬಂತು. ಚಿಕ್ಕಮಗಳೂರಿನ ಕಾಫಿ ತೋಟದ ಸಾಹುಕಾರರದು. ಆಗ ಹೊರದೇಶದ ಕಾರು ತರಿಸುವುದು ಸುಲಭವಿರಲಿಲ್ಲ. ರಾಯಭಾರಿ ಕಚೇರಿಗಳವರು ಬಳಸಿ ಬಿಟ್ಟ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ (ಎಸ್‌ಟಿಸಿ) ಮೂಲಕ ಮಾರಾಟಕ್ಕೆ ಬರುತ್ತಿದ್ದವು, ಅಂಥದ್ದೊಂದು ಇದು. ಕೆಂಪು ಬಣ್ಣ, ಮಡಚುವ ಛತ್ರಿ, ತಂತಿ ಕಡ್ಡಿಯ ಚಕ್ರ. ಫಿಯಟ್, ಅಂಬಾಸಿಡರ್, ಹೆರಾಲ್ಡ್ ಬಿಟ್ಟು ಬೇರೆ ಕಾಣದ ಗಲ್ಲಿಯಲ್ಲಿ ಚಹಾ ಹುಡುಗರೆಲ್ಲ ಲೋಟ ಹಿಡಿದುಕೊಂಡೇ ನಿಂತುಬಿಟ್ಟರು. ಸಾಹುಕಾರರು ಕೆಳಗಿಳಿದು, "ಹೊಸ ಬ್ಯಾಟರಿ ಹಾಕಿಸಿದೆ ಮೇಸ್ತ್ರಿ. ಅಲ್ಲಿಂದ ಸ್ಟಾರ್ಟ್ ಆಗುತ್ತೆ, ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತೆ. ಡೈನಮೋ ಹೋಗಿದೆ, ಬೊಂಬಾಯಿಂದ ಹೊಸದು ತರಿಸಿ ಅಂತ ಒಬ್ರು ಹೇಳಿದ್ರು" ಎಂದರು.

ಮೇಸ್ತ್ರಿ ಬಾನೆಟ್ ಎತ್ತಿ ಬ್ಯಾಟರಿ ಹುಡುಕಿದರು. ಇಲ್ಲ! ಎಂಜಿಬಿಯಲ್ಲಿ ಬ್ಯಾಟರಿ ಇರುವುದು ಸೀಟಿನ ಹಿಂದೆ, ನೆಲದ ಮುಚ್ಚಳದ ಕೆಳಗೆ. ಅದೂ ಒಂದಲ್ಲ, ಆರಾರು ವೋಲ್ಟಿನ ಎರಡು, ಬಲಕ್ಕೊಂದು ಎಡಕ್ಕೊಂದು, ನಡುವೆ ಕೂಡುವೈರು. ಮೇಸ್ತ್ರಿ ಮುಚ್ಚಳ ತೆಗೆದು ನೋಡಿದವರೇ ಸುಮ್ಮನೆ ನಕ್ಕರು. ಹೊಸ ಬ್ಯಾಟರಿ ಕೂರಿಸಿದವರು ಫಿಯಟ್‌ಗೆ ಕೊಡುವಂತೆ ಮೈನಸ್ಸನ್ನು ಬಾಡಿಗೆ ಕೊಟ್ಟಿದ್ದರು. ಎಂಜಿಬಿ 1967ರವರೆಗೂ ಪ್ಲಸ್ ಅರ್ತಿನ ಕಾರು. ಈ ಕಾರು ಅದಕ್ಕಿಂತ ಹಳೆಯದು.

ಆಮೇಲೆ ಅವರು ನನ್ನನ್ನು ಕರೆದು ಪೆನ್ಸಿಲ್ ಕೇಳಿದರು. ಲೆಕ್ಕದ ಪುಸ್ತಕಕ್ಕೆ ಕಟ್ಟಿದ್ದ ಪೆನ್ಸಿಲ್ ಬಿಚ್ಚಿ ಕೊಟ್ಟೆ. ಒಂದು ಪ್ಲಗ್ಗಿನ ವೈರು ಕಿತ್ತು, ಪ್ಲಗ್ಗಿನ ತುದಿಗೂ ವೈರಿಗೂ ನಡುವೆ ಬೆರಳ ಅಗಲದ ಸಂದು ಬಿಟ್ಟು, ಇಂಜಿನ್ ಓಡುತ್ತಿರುವಾಗ ಆ ಸಂದಿನಲ್ಲಿ ಪೆನ್ಸಿಲ್ಲಿನ ಮೊನೆ ಹಿಡಿದರು. ಕಿಡಿ ಸೀಸದಕಡ್ಡಿಯ ಮೂಲಕ ಹಾಯುವಾಗ ಒಂದು ಪಕ್ಕಕ್ಕೆ ಸಣ್ಣ ಕಿತ್ತಳೆ ಉರಿ ಚಿಮ್ಮುತ್ತದೆ. ಅದು ಪ್ಲಗ್ಗಿನ ಕಡೆಗೆ ಚಿಮ್ಮಿದರೆ ಸರಿ, ವೈರಿನ ಕಡೆಗೆ ಚಿಮ್ಮಿದರೆ ಕಾಯಿಲ್ ತಿರುಗುಮುರುಗು. ಇಲ್ಲಿ ವೈರಿನ ಕಡೆಗೆ ಚಿಮ್ಮುತ್ತಿತ್ತು. "ನೋಡ್ಲಾ, ಬೆಂಕಿ ಹಿಂದಕ್ಕೆ ಓಡ್ತೈತೆ" ಎಂದರು. ಪ್ಲಗ್ಗಿನ ನಡುಗಡ್ಡಿ ಕಾದಿರುತ್ತದೆ, ಕಾದ ಲೋಹದಿಂದ ಎಲೆಕ್ಟ್ರಾನು ಸಲೀಸಾಗಿ ಹಾರುತ್ತದೆ. ದಿಕ್ಕು ತಿರುಗಿದರೆ ತಣ್ಣನೆಯ ಕಡೆಯಿಂದ ಹಾರಬೇಕು, ಅದಕ್ಕೆ ಹೆಚ್ಚು ವೋಲ್ಟು ಬೇಕು. ಐಟಿಐಯಲ್ಲಿ ಒಬ್ಬ ಮೇಷ್ಟ್ರು ಇದನ್ನು ಬಿಡಿಸಿ ಹೇಳಿದಾಗ ನನ್ನ ಮೂಗಿಗೆ ಆ ಗಲ್ಲಿಯ ಪೆಟ್ರೋಲು ವಾಸನೆ ಬಂದಿತ್ತು.

ಡೈನಮೋಗೂ ಬ್ಯಾಟರಿಗೂ ನಡುವಿನ ಕಟೌಟ್ ಪೆಟ್ಟಿಗೆ ಬಿಚ್ಚಿದರೆ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಉಲ್ಟಾ ಬ್ಯಾಟರಿಯೂ ಡೈನಮೋವೂ ಎದುರುಬದುರಾಗಿ ಹೊಡೆದಾಡಿದ್ದರ ಗುರುತು ಅದು. ಪಾಯಿಂಟು ಅಂಟಿದ ಮೇಲೆ ಗಾಡಿ ನಿಲ್ಲಿಸಿದರೂ ಬ್ಯಾಟರಿ ಡೈನಮೋದೊಳಕ್ಕೆ ಸೋರುತ್ತಲೇ ಇರುತ್ತದೆ. ಮೇಸ್ತ್ರಿ ಬ್ಯಾಟರಿಗಳನ್ನು ಸರಿದಿಕ್ಕಿಗೆ ತಿರುಗಿಸಿದರು. ಪಾಯಿಂಟು ಬಿಡಿಸಿ ನಯಕಾಗದದಲ್ಲಿ ಉಜ್ಜಿದರು. ಡೈನಮೋದ ವೈರು ಕಳಚಿ, ಬ್ಯಾಟರಿಯಿಂದ ಒಂದು ವೈರು ಎಳೆದು ಅದರ ಫೀಲ್ಡ್ ಟರ್ಮಿನಲ್ಲಿಗೆ ಚಟ್ ಚಟ್ ಎಂದು ಮುಟ್ಟಿಸಿದರು. ಒಳಗಿನ ಕಬ್ಬಿಣಕ್ಕೆ ಯಾವ ದಿಕ್ಕಿಗೆ ಅಯಸ್ಕಾಂತವಾಗಬೇಕೆಂದು ಹಾಗೆ ನೆನಪಿಸಬೇಕು. ಇಂಜಿನ್ ಏರಿಸಿದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿತು. ಬೆಳಗ್ಗೆ ಬಂದ ಗಾಡಿ, ಮಧ್ಯಾಹ್ನದ ಊಟದ ಹೊತ್ತಿಗೆ ರೆಡಿ.

ಆದರೆ ಸಾಹುಕಾರರಿಗೆ ಹೋದ ಸುದ್ದಿ ಬೇರೆ. "ಆರ್ಮೇಚರ್ ಸುಟ್ಟುಹೋಗೈತೆ ಧಣಿ, ರೀವೈಂಡಿಂಗ್ ಮಾಡಿಸಬೇಕು. ಎರಡು ದಿನ ಬಿಡಿ." ಅವರು ಹೋದ ಮೇಲೆ ಡೈನಮೋ ಬಿಚ್ಚಿ ನನ್ನ ಮುಂದಿಟ್ಟು, "ಪೆಟ್ರೋಲಲ್ಲಿ ತೊಳ್ದು ಕರಿ ಪೇಂಟು ಹೊಡಿ" ಎಂದರು. ಹೊಡೆದೆ. ಹೊಸದರ ಹಾಗೆ ಫಳಫಳ ಎನ್ನುತ್ತಿತ್ತು. ಸಾಹುಕಾರರು ಬಂದು ನೋಡಿ, ಬೊಂಬಾಯಿಯ ಡೈನಮೋದ ಅರ್ಧ ಬೆಲೆಗೇ ಮುಗಿಯಿತೆಂದು ಖುಷಿಯಾಗಿ ಕೊಟ್ಟು, ನನ್ನ ಕೈಗೂ ಒಂದು ರೂಪಾಯಿ ಇಟ್ಟು ಹೋದರು.

ಈ ಕಥೆಯನ್ನು ಮೇಸ್ತ್ರಿಯ ಜಾಣತನದ ಕಥೆಯಾಗಿ ನಾನು ಮುಂದೆ ಕೆಲಸಕ್ಕಿದ್ದ ಬಸ್ ಡಿಪೋದ ಊಟದ ಕೋಣೆಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಎಲ್ಲರೂ ನಗುತ್ತಿದ್ದರು. ಪೆನ್ಸಿಲ್ಲಿನ ಭಾಗಕ್ಕೆ ಬಾಯಿ ಬಿಡುತ್ತಿದ್ದರು, ಪೇಂಟಿನ ಭಾಗಕ್ಕೆ ಚಪ್ಪಾಳೆ.

ಫೀನಿಕ್ಸಿನ ಗ್ಯಾರೇಜಿಗೆ ಇಳಿದಾಗ ನನ್ನ ಕೈಯಲ್ಲಿ ಮಗನ ಮಲ್ಟಿಮೀಟರು. "ಅಪ್ಪ, ಇದು ನಿಮ್ಮ ಡಿಪೋ ಬಸ್ಸಲ್ಲ, ಎಲ್ಲ ಕಂಪ್ಯೂಟರ್ರು" ಎಂದು ಅವನು ಹಿಂದೆಯೇ ಬಂದ. ಕಂಪ್ಯೂಟರಿಗೂ ಕರೆಂಟು ಬ್ಯಾಟರಿಯಿಂದಲೇ ಬರಬೇಕಲ್ಲ, ಎಂದೆ. ಅವನು ವಾದ ಮಾಡಲಿಲ್ಲ. ಅಷ್ಟರ ಮಟ್ಟಿಗೆ ಇಂಜಿನಿಯರು.

ರೋಗ ಏನೆಂದು ಅವನು ಆಗಲೇ ಓದಿಕೊಂಡಿದ್ದ, ಬಹುಪಾಲು ಸರಿಯಾಗಿಯೇ. ಈ ಕಾರಿನಲ್ಲಿ ಆಕ್ಸಿಲರೇಟರಿಗೂ ಇಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲ್ ಒತ್ತಿದ್ದು ಕಂಪ್ಯೂಟರಿಗೆ ಗೊತ್ತಾಗಿ, ಅದು ಥ್ರಾಟಲಿನ ಬಿಲ್ಲೆಯನ್ನು ಮೋಟಾರಿನಿಂದ ತೆರೆಯುತ್ತದೆ. ಕಾಲು ತೆಗೆದಾಗಲೂ ಇಂಜಿನ್ ಉಸಿರಾಡಲು ಕೂದಲೆಳೆಯಷ್ಟು ಸಂದು ಬೇಕು. ವರ್ಷಗಳು ಕಳೆದಂತೆ ಆ ಬಿಲ್ಲೆಯ ಅಂಚಿಗೆ ಮಸಿ ಕಟ್ಟುತ್ತದೆ, ಸಂದು ಕಿರಿದಾಗುತ್ತದೆ. ಕಂಪ್ಯೂಟರು ಅದನ್ನು ಗಮನಿಸಿ ಬಿಲ್ಲೆಯನ್ನು ಚೂರು ಚೂರೇ ಹೆಚ್ಚು ತೆರೆದು ಸರಿದೂಗಿಸಿ, ಆ ಲೆಕ್ಕವನ್ನು ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ಕಳಚಿದರೆ ಆ ನೆನಪು ಅಳಿದು ಫ್ಯಾಕ್ಟರಿಯ ಹೊಸ ಬಿಲ್ಲೆಯ ಲೆಕ್ಕಕ್ಕೆ ಮರಳುತ್ತದೆ. ಬಿಲ್ಲೆ ಮಾತ್ರ ಹಳೆಯದೇ, ಮಸಿಯೂ ಅಲ್ಲೇ. ಗಾಳಿ ಸಾಲದೆ ಇಂಜಿನ್ ಆಫ್. ಅಂದರೆ ಥ್ರಾಟಲ್ ಬಾಡಿ ಕೆಟ್ಟಿಲ್ಲ. ಕಂಪ್ಯೂಟರಿಗೆ ಮರೆವು ಬಂದಿದೆ.

ಮರೆತದ್ದನ್ನು ಮತ್ತೆ ಕಲಿಸಲು ಒಂದು ಕ್ರಮವಿದೆ. ಇಂಜಿನ್ ಬಿಸಿಯಾಗಿರಬೇಕು, ಎಸಿ ಲೈಟು ಎಲ್ಲ ಬಂದ್, ಸ್ಟೀರಿಂಗ್ ನೇರ. ಇಂಜಿನ್ ಆಫ್ ಮಾಡಿ, ಸ್ವಲ್ಪ ಕಾದು, ಕೀ ಆನ್ ಮಾಡಿ ಮೂರು ಸೆಕೆಂಡು ಬಿಟ್ಟು, ಐದು ಸೆಕೆಂಡಿನೊಳಗೆ ಪೆಡಲನ್ನು ಐದು ಸಲ ಪೂರ್ತಿ ಒತ್ತಿ ಬಿಡಬೇಕು. ಏಳು ಸೆಕೆಂಡು ಕಾದು ಮತ್ತೆ ಪೂರ್ತಿ ಒತ್ತಿ ಹಿಡಿದರೆ ಚೆಕ್ ಇಂಜಿನ್ ದೀಪ ಮಿಣುಕತೊಡಗುತ್ತದೆ. ಸುಮಾರು 20 ಸೆಕೆಂಡಿಗೆ ಅದು ಮಿಣುಕು ನಿಲ್ಲಿಸಿ ನೆಟ್ಟಗೆ ಉರಿದಾಗ, ಮೂರು ಸೆಕೆಂಡಿನೊಳಗೆ ಕಾಲು ತೆಗೆದು ಇಂಜಿನ್ ಸ್ಟಾರ್ಟ್ ಮಾಡಬೇಕು. ದೇವಸ್ಥಾನದಲ್ಲಿ ಹೊಸಬರು ಮಂತ್ರ ಹೇಳುವಂತೆ ಮಗ ಸ್ಟಾಪ್‌ವಾಚು ಹಿಡಿದುಕೊಂಡು ಇದನ್ನೆಲ್ಲ ಮಾಡಿದ್ದ. ಮಾಡಿದ ದಿನ ಸರಿಯಾಗುತ್ತದೆ, ಮಾರನೇ ದಿನ ಮತ್ತೆ ಅದೇ ರಾಗ. ಆದ್ದರಿಂದಲೇ ಅಂಗಡಿಯವರ ಥ್ರಾಟಲ್ ಬಾಡಿ ಮಾತನ್ನು ನಂಬತೊಡಗಿದ್ದ.

ನನ್ನ ಕಣ್ಣಿಗೆ ಬಿದ್ದದ್ದು ರೇಡಿಯೋದ ಗಡಿಯಾರ. ಹಿಂದಿನ ಸಂಜೆ ಅವನು ಟೈಮ್ ಹೊಂದಿಸುವುದನ್ನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೆ. ಈಗ ಬೆಳಗಿನ ಒಂಬತ್ತು, ಗಡಿಯಾರದಲ್ಲಿ ಬೇರೇನೋ. ಅವನು ಇಟ್ಟುಕೊಂಡಿದ್ದ ಸ್ಟೇಷನ್ನುಗಳೂ ಅಳಿಸಿಹೋಗಿದ್ದವು. ಮರೆತಿರುವುದು ಇಂಜಿನ್ ಒಂದೇ ಅಲ್ಲ. ಗಾಡಿ ನಿಂತಿರುವಾಗ ಅಥವಾ ಸೆಲ್ಫ್ ಹೊಡೆಯುವಾಗ ಎಲ್ಲೋ ಕರೆಂಟು ಒಂದು ಕ್ಷಣ ಪೂರ್ತಿ ತಪ್ಪುತ್ತಿದೆ. ಕಲಿಸಿದ್ದೆಲ್ಲ ಆ ಕ್ಷಣದಲ್ಲಿ ಅಳಿಯುತ್ತಿದೆ.

ಈ ಕಾರಿನ ಬ್ಯಾಟರಿ ಇರುವುದು ವಿಂಡ್‌ಶೀಲ್ಡಿನ ಬುಡದಲ್ಲಿ, ಒಂದು ಪ್ಲಾಸ್ಟಿಕ್ ಮುಚ್ಚಳದ ಕೆಳಗಿನ ಗೂಡಿನಲ್ಲಿ. ಕೈ ಹೋಗುವುದೇ ಕಷ್ಟ. ಬ್ಯಾಟರಿ 12.6 ವೋಲ್ಟು ತೋರಿಸಿತು, ದೋಷವಿಲ್ಲ. ಇಂಜಿನ್ ಓಡುವಾಗ 14ರ ಮೇಲೆ, ಆಲ್ಟರ್ನೇಟರಿಗೂ ದೋಷವಿಲ್ಲ. ಮೀಟರಿನ ಒಂದು ಮೊನೆಯನ್ನು ಮೈನಸ್ ಕಂಬದ ನೆತ್ತಿಗೂ ಇನ್ನೊಂದನ್ನು ಅದನ್ನೇ ಹಿಡಿದಿರುವ ಕ್ಲಾಂಪಿಗೂ ಇಟ್ಟು, ಸೆಲ್ಫ್ ಹೊಡೆ ಎಂದೆ. ಎರಡೂ ಒಂದೇ ಲೋಹದಂತೆ ಕೂಡಿದ್ದರೆ ಮೀಟರು ಸೊನ್ನೆಯ ಹತ್ತಿರ, ಹೆಚ್ಚೆಂದರೆ ವೋಲ್ಟಿನ ಹತ್ತನೇ ಒಂದು ಭಾಗ ತೋರಿಸಬೇಕು. ಒಂದೂವರೆ ವೋಲ್ಟಿನ ಹತ್ತಿರ ಹಾರಿತು. ಕ್ಲಾಂಪಿನ ಬೋಲ್ಟು ಪೂರ್ತಿ ಬಿಗಿದಿತ್ತು. ಎರಡು ತುಟಿಗಳೂ ಕೂಡಿಕೊಂಡಿದ್ದವು, ಇನ್ನು ಬಿಗಿಯಲು ಜಾಗವಿಲ್ಲ. ಆದರೂ ಕೈಯಲ್ಲಿ ತಿರುಗಿಸಿದರೆ ಕ್ಲಾಂಪು ಕಂಬದ ಸುತ್ತ ಸಲೀಸಾಗಿ ತಿರುಗಿತು. ಎಷ್ಟೋ ಬ್ಯಾಟರಿಗಳನ್ನು ಕಂಡ ಹಳೆಯ ಕ್ಲಾಂಪು ಹಿಗ್ಗಿಹೋಗಿತ್ತು. ಮೈನಸ್ ಕಂಬವಂತೂ ಪ್ಲಸ್ಸಿಗಿಂತ ಸಣ್ಣದೇ ಇರುತ್ತದೆ. ಬೋಲ್ಟು ಬಿಗಿಯಿದೆ ಎಂದು ನೋಡಿದವರಿಗೆ ಕೀಲು ಸಡಿಲವಿದೆ ಎಂದು ತೋಚುವುದೇ ಇಲ್ಲ.

ಜೆ.ಸಿ. ರೋಡಿನಲ್ಲಿ ಇದಕ್ಕೆ ಮದ್ದು ಗುಜರಿ ಬ್ಯಾಟರಿಯ ಸೀಸ. ಒಂದು ಪಟ್ಟಿ ಕತ್ತರಿಸಿ, ಸುತ್ತಿಗೆಯಿಂದ ತೆಳ್ಳಗೆ ತಟ್ಟಿ, ಕಂಬಕ್ಕೆ ಸುತ್ತಿ ಅದರ ಮೇಲೆ ಕ್ಲಾಂಪು ಬಿಗಿಯುತ್ತಿದ್ದೆವು. ತಟ್ಟುವುದು ನನ್ನ ಕೆಲಸವಾಗಿತ್ತು, ಬರಿಗೈಯಲ್ಲಿ. ಇಲ್ಲಿ ಹೊಸ ಕ್ಲಾಂಪು ಹುಡುಕೋಣ ಎಂದು ಅಂಗಡಿಗೆ ಹೋದರೆ, ಅದೇ ಸೀಸದ ಪಟ್ಟಿಯನ್ನು ಬಳೆಯ ಆಕಾರಕ್ಕೆ ಅಚ್ಚುಹಾಕಿ, ಪ್ಲಾಸ್ಟಿಕ್ ಪೊಟ್ಟಣದಲ್ಲಿ ತೂಗುಹಾಕಿದ್ದರು. ಕೆಲವೇ ಡಾಲರು. ಮುಟ್ಟಿದ ಮೇಲೆ ಕೈ ತೊಳೆಯಿರಿ ಎಂದು ಪೊಟ್ಟಣದ ಮೇಲೆ ಬರೆದಿತ್ತು.

ಬಳೆ ತೊಡಿಸಿ ಬಿಗಿದೆವು. ಸೆಲ್ಫ್ ಹೊಡೆದಾಗ ಮೀಟರು ಅಲುಗಲಿಲ್ಲ. ಥ್ರಾಟಲ್ ಬಿಲ್ಲೆಯ ಅಂಚನ್ನು ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿದೆವು, ಬೆರಳಿಂದ ಬಿಲ್ಲೆಯನ್ನು ಬಲವಂತವಾಗಿ ತೆರೆಯಬಾರದು ಎಂದು ಮಗ ನನ್ನನ್ನು ತಡೆದ. ಒಳಗಿನ ಹಲ್ಲುಚಕ್ರ ಹಾಳಾಗುತ್ತದಂತೆ, ಅವನ ಮಾತು ಸರಿಯೇ. ಮತ್ತೆ ಸ್ಟಾಪ್‌ವಾಚು, ಮತ್ತೆ ಐದು ಸಲ ಪೆಡಲು. ಈ ಕಲಿಕೆ ನಡೆಯಲು ಐಡ್ಲಿಂಗಿನಲ್ಲಿ 12.9 ವೋಲ್ಟಿಗಿಂತ ಹೆಚ್ಚು ಇರಬೇಕೆಂಬ ಷರತ್ತು ಅವನು ಓದಿದ ಕಾಗದದಲ್ಲೇ ಇತ್ತು. ಆರ್‌ಪಿಎಂ ಮುಳ್ಳು 650ರ ಹತ್ತಿರ ಬಂದು ನಿಂತಿತು. ಮಾರನೇ ಬೆಳಗ್ಗೆಯೂ ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿತ್ತು.

"ನೂರೈವತ್ತು ಡಾಲರ್ ಉಳೀತು" ಎಂದು ಮಗ ಸಂಜೆ ತನ್ನ ಗೆಳೆಯರಿಗೆಲ್ಲ ಫೋನು ಮಾಡಿದ. ನನಗೆ ಅಲ್ಲಿಂದ ಯೋಚನೆ ಹತ್ತಿಕೊಂಡಿತು. ಆ ನೂರೈವತ್ತು ಯಾವುದರ ಬೆಲೆ? ಅಲ್ಲಿನ ಗ್ಯಾರೇಜುಗಳು ಅದಕ್ಕೆ ಡಯಗ್ನಾಸ್ಟಿಕ್ ಫೀ ಎನ್ನುತ್ತವೆ. ರೋಗ ಯಾವುದೆಂದು ಕಂಡುಹಿಡಿದದ್ದಕ್ಕೆ ಇಷ್ಟು, ಪಾರ್ಟಿಗೆ ಇಷ್ಟು, ಕೂಲಿ ಇಷ್ಟು ಎಂದು ಬೇರೆ ಬೇರೆ ಬರೆಯುತ್ತಾರೆ. ಪುಕ್ಕಟೆ ಸ್ಕ್ಯಾನ್ ಮಾಡುವ ಅಂಗಡಿಯವರಿಗೆ ಪಾರ್ಟು ಮಾರಿದರೆ ಮಾತ್ರ ಲಾಭ. ಅವರು ಪಾರ್ಟನ್ನೇ ಹೇಳುತ್ತಾರೆ. ಅದರಲ್ಲಿ ಅವರ ದುರುದ್ದೇಶವೂ ಇರಬೇಕಿಲ್ಲ.

ಮೇಸ್ತ್ರಿ ಇದ್ದದ್ದು ಅಂಥದೇ ಅಂಗಡಿಯಲ್ಲಿ. "ಬ್ಯಾಟರಿ ಉಲ್ಟಾ ಇತ್ತು, ತಿರುಗಿಸಿದೆ, ಇನ್ನೂರು ಕೊಡಿ" ಎಂದಿದ್ದರೆ ಆ ಸಾಹುಕಾರರು ಕೊಡುತ್ತಿದ್ದರೇ? ಐದು ರೂಪಾಯಿ ಕೊಟ್ಟು, ತಿರುಗಿಸೋದಕ್ಕೆ ಇಷ್ಟೇ ತಾನೇ ಎನ್ನುತ್ತಿದ್ದರು. ಆದ್ದರಿಂದ ಮೇಸ್ತ್ರಿ ತಮ್ಮ ವಿದ್ಯೆಯನ್ನು ಆರ್ಮೇಚರಿನ ಹೆಸರಿನಲ್ಲಿ ಮಾರಿದರು. ಹೀಗೆ ನಾನು ಬಹಳ ದಿನ ಅವರ ಪರ ವಕಾಲತ್ತು ಮಾಡಿಕೊಂಡು ಬಂದೆ. ಈಗ ಅದು ಅರ್ಧ ಸತ್ಯ ಅನ್ನಿಸುತ್ತದೆ. ಸಾಹುಕಾರರ ವಿಷಯದಲ್ಲಿ ಆ ವಕಾಲತ್ತು ನಿಲ್ಲಬಹುದು. ಆದರೆ ದಿನದ ದುಡಿಮೆ ನಂಬಿದ ಟ್ಯಾಕ್ಸಿಯವರಿಗೂ ಮೇಸ್ತ್ರಿ ಪೇಂಟು ಹೊಡೆದ ಡೈನಮೋ ಕೊಟ್ಟಿದ್ದುಂಟು. ಅದು ಮೋಸ, ಬೇರೆ ಹೆಸರಿಲ್ಲ. ಕಿವಿಯಿಟ್ಟು ಕೇಳಿ, ಬೆರಳಿಟ್ಟು ಮುಟ್ಟಿ ರೋಗ ಹೇಳುತ್ತಿದ್ದ ಹಳೆ ಕಾಲದ ಮೇಸ್ತ್ರಿಗಳ ಗುಣಗಾನ ಮಾಡುವವರು ನನ್ನ ವಯಸ್ಸಿನವರಲ್ಲಿ ಬಹಳ. ಆಗಿನ ಗಾಡಿಯಲ್ಲಿ ಇದ್ದದ್ದೇ ಬೆರಳೆಣಿಕೆಯ ವೈರು ಎಂಬುದನ್ನು ಅವರು ಹೇಳುವುದಿಲ್ಲ. ಕಾಯಿಲ್ ಹಾಕಿ ನೋಡೋಣ, ಕಂಡೆನ್ಸರ್ ಹಾಕಿ ನೋಡೋಣ ಎಂದು ಗಿರಾಕಿಯ ದುಡ್ಡಿನಲ್ಲಿ ಹುಡುಕುತ್ತಿದ್ದ ದಿನಗಳೇ ಹೆಚ್ಚು. ಪೆನ್ಸಿಲ್ಲಿನ ದಿನ ಅಪರೂಪ, ಅದಕ್ಕೇ ಅದು ನೆನಪಿನಲ್ಲಿ ಉಳಿದಿದೆ.

ಇನ್ನೊಂದು ಲೆಕ್ಕವೂ ಇದೆ. ಸೀಸ ಮುಟ್ಟಿದರೆ ಕೈ ತೊಳೆಯಿರಿ ಎಂಬ ಮಾತು ನಮ್ಮ ಗಲ್ಲಿಗೆ ಬಂದಿರಲಿಲ್ಲ. ಬಾಲಕಾರ್ಮಿಕ ನಿಷೇಧ ಕಾಯಿದೆ ಬಂದದ್ದು 1986ರಲ್ಲಿ; ಹದಿನಾಲ್ಕರ ಕೆಳಗಿನ ಮಕ್ಕಳನ್ನು ಮನೆಯವರ ಕಸುಬಿನಂಥ ಒಂದೆರಡು ವಿನಾಯಿತಿ ಬಿಟ್ಟು ಬೇರೆ ಯಾವ ಕೆಲಸಕ್ಕೂ ಹಚ್ಚಬಾರದೆಂದು ಅದು ಬಿಗಿಯಾದದ್ದು 2016ರಲ್ಲಿ. ನನ್ನ ಜೊತೆಗಾರ ಈಗ ಕನಕಪುರ ರಸ್ತೆಯಲ್ಲಿ ಸ್ವಂತ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದಾನೆ. ಕಟ್ಟಿಸಿಕೊಂಡ ಹಲ್ಲು. ಸೀಲ್ ಮಾಡಿದ ಬ್ಯಾಟರಿ ಮಾತ್ರ ಮಾರುತ್ತಾನೆ, ಆಸಿಡ್ ಅಂಗಡಿಯೊಳಗೆ ಸೇರಿಸುವುದಿಲ್ಲ. ಮೇಸ್ತ್ರಿ ತೀರಿಕೊಂಡಾಗ ಖರ್ಚು ಹೊತ್ತವನೂ ಅವನೇ. "ಹೊಡೆದ್ರು, ಕಲ್ಸುದ್ರು, ಎರಡೂ ಲೆಕ್ಕ ಚುಕ್ತಾ" ಎಂದ. ನನಗೆ ಅಷ್ಟು ಸುಲಭವಾಗಿ ಚುಕ್ತಾ ಆಗಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ನಮ್ಮ ಬೀದಿಯ ಗ್ಯಾರೇಜಿನ ಹುಡುಗನಿಗೆ ಈ ಕಥೆ ಹೇಳಿದೆ. ಅವನ ಹತ್ತಿರ ಸ್ಕ್ಯಾನರ್ ಇದೆ, ಮಲ್ಟಿಮೀಟರ್ ಇದೆ, ಡಿಪ್ಲೊಮಾ ಇದೆ. "ಅಂಕಲ್, ನಾನು ಅರ್ಧ ದಿನ ಹುಡುಕಿ ಲೂಸ್ ಕನೆಕ್ಷನ್ ಟೈಟ್ ಮಾಡಿದ್ರೆ ಕಸ್ಟಮರ್ ಥ್ಯಾಂಕ್ಸ್ ಹೇಳಿ ಹೋಗ್ತಾರೆ. ಸೆನ್ಸರ್ ಚೇಂಜ್ ಮಾಡಿದ್ರೆ ಮಾತಾಡದೆ ಪೇಮೆಂಟ್ ಮಾಡ್ತಾರೆ" ಎಂದ.

ಆದ್ದರಿಂದ ಗಾಡಿ ಇಟ್ಟುಕೊಂಡವರಲ್ಲಿ ನನ್ನದೊಂದು ವಿನಂತಿ. ಬ್ಯಾಟರಿ ಬದಲಿಸಿದ ಮೇಲೆ ಕಾರು ನಿಂತುಹೋಗುತ್ತಿದ್ದರೆ, ಹೊಸ ಪಾರ್ಟಿಗೆ ಒಪ್ಪುವ ಮುಂಚೆ ಎರಡೂ ಟರ್ಮಿನಲ್ಲುಗಳನ್ನು ಕೈಯಲ್ಲಿ ತಿರುಗಿಸಿ ನೋಡಿ, ಐಡ್ಲಿಂಗ್ ಕಲಿಸುವ ಕ್ರಮ ಮಾಡಿದ್ದಾರೆಯೇ ಎಂದು ಕೇಳಿ. ಮೆಕ್ಯಾನಿಕ್ ಯಾವ ಪಾರ್ಟೂ ಹಾಕದೆ ಗಾಡಿ ಸರಿ ಮಾಡಿ ಕೊಟ್ಟರೆ, ಏನೂ ಹಾಕಿಲ್ಲವಲ್ಲ ಎನ್ನಬೇಡಿ. ನೋಡಿದ್ದಕ್ಕೆ ಎಷ್ಟಾಯಿತು ಎಂದು ಕೇಳಿ, ಕೊಡಿ.